ಪ್ಯಾಕ್ಸೋಸ್ ಬರೆಯಲು ಬ್ಲೂಮ್: ಪುಣೆಯಿಂದ ಒಬ್ಬ ಹಳೇ ಬಳಕೆದಾರನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಹಲವು ಕಂಪ್ಯೂಟರ್‌ಗಳು ಸೇರಿ ಒಂದೇ ತೀರ್ಮಾನಕ್ಕೆ ಬರುವ ವಿಧಾನಗಳಾದ ಪ್ಯಾಕ್ಸೋಸ್, ರಾಫ್ಟ್ ತಲೆಗೆ ಹತ್ತಬೇಕಾದರೆ ಬ್ಲೂಮ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸಿ. ಪ್ರೊಡಕ್ಷನ್‌ಗೆ ಬೇಡ. ವಾರವೆಲ್ಲ ಹಿಂಜವಡಿಯಲ್ಲಿ ಜಾವಾ ಬರೆಯುವ ಧಾರವಾಡ, ಬೆಳಗಾವಿ ಕಡೆಯ ನಾವು ಕೆಲವರು ಭಾನುವಾರ ಕೋಥ್ರೂಡ್‌ನ ರೂಮಿನಲ್ಲಿ ಕೂತು ವರ್ಷಗಳಿಂದ ಇದರ ಬೆನ್ನು ಹತ್ತಿದ್ದೇವೆ.

ಇದು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಭಾಷೆ. ರೂಬಿಯೊಳಗೆ ಓಡುವ ಅದರ ರೂಪಕ್ಕೆ ಬಡ್ ಅಂತ ಹೆಸರು. ಪುಕ್ಕಟೆ. ಇದಕ್ಕೂ ಮುಂಚೆ ಅದೇ ಕಡೆಯವರ ಓವರ್‌ಲಾಗ್ ಎಂಬ ಭಾಷೆ ಇತ್ತು. 2005ರಲ್ಲಿ ಅದರಲ್ಲಿ ಕಾರ್ಡ್ (Chord) ಎಂಬ ಪೀರ್-ಟು-ಪೀರ್ ಜಾಲವನ್ನು 47 ನಿಯಮಗಳಲ್ಲಿ ಬರೆದು ತೋರಿಸಿದ್ದರು. ಬ್ಲೂಮ್‌ನಲ್ಲೂ ಲೂಪ್, ಕಾಲ್‌ಬ್ಯಾಕ್ ಗೋಜಿಲ್ಲ. ಟೇಬಲ್‌ಗಳು, ಅವುಗಳ ನಡುವೆ ನಿಯಮಗಳು, ಅಷ್ಟೇ.

ಮಜಾ ಇರೋದು ಕ್ವೋರಮ್‌ನಲ್ಲಿ, ಅಂದರೆ ತೀರ್ಮಾನಕ್ಕೆ ಬೇಕಾದ ಬಹುಮತದಲ್ಲಿ. ಐದು ನೋಡ್ (ಜಾಲದ ಕಂಪ್ಯೂಟರ್) ಇದ್ದರೆ ಮೂರು ಮತ ಬೇಕು. ಜಾವಾದಲ್ಲಿ ಇದಕ್ಕೆ ಕೌಂಟರ್, ಲಾಕ್, 'ಈ ಮತ ಮೊದಲೇ ಬಂದಿತ್ತಾ' ಎಂಬ ಚೆಕ್ ಎಲ್ಲ ಬೇಕು. ಇಲ್ಲಿ ಮತಗಳ ಟೇಬಲ್‌ಗೆ ಬ್ಯಾಲೆಟ್ ಸಂಖ್ಯೆ (ಮತದಾನದ ಎಷ್ಟನೇ ಸುತ್ತು ಅನ್ನೋದು) ಮತ್ತು ನೋಡ್ ವಿಳಾಸ ಎರಡನ್ನೂ ಸೇರಿಸಿ ಕೀ ಮಾಡುತ್ತೇವೆ. ಒಂದೇ ಮತ ಎಷ್ಟು ಸಲ ಬಂದರೂ ಒಂದೇ ಸಾಲು. ಬ್ಯಾಲೆಟ್‌ವಾರು ಗ್ರೂಪ್ ಮಾಡಿ ಎಣಿಸಿದರೆ ಮುಗಿಯಿತು. ಅದೇ ನೋಡ್ ಅದೇ ಬ್ಯಾಲೆಟ್‌ಗೆ ಬೇರೆ ಉತ್ತರ ಕಳಿಸಿತೋ, ಬಡ್ ಅಲ್ಲೇ ಕೀ ಎರರ್ ಎಸೆಯುತ್ತದೆ. ಗೆಳೆಯನೊಬ್ಬನ ಅಕ್ಸೆಪ್ಟರ್ (ಮತ ಹಾಕುವ ನೋಡ್) ಕೊಟ್ಟ ಮಾತು ಮರೆತು ಎರಡನೇ ಮೌಲ್ಯ ಒಪ್ಪಿಕೊಳ್ಳುತ್ತಿದ್ದದ್ದು ಸಿಕ್ಕಿದ್ದು ಹೀಗೆಯೇ. ಲಾಗ್ ಓದಿ ಹುಡುಕಿದ್ದರೆ ಒಂದು ವಾರದ ಕೆಲಸ.

ಆದರೆ ಎಣಿಕೆ ಏಕಮುಖಿ ಅಲ್ಲ: ಇನ್ನೊಂದು ಮತ ಬಂದರೆ ಹಳೇ ಉತ್ತರ ಸುಳ್ಳಾಗುತ್ತದೆ. 'ಮೂರು ಮುಟ್ಟಿತಾ' ಅನ್ನೋದು ಮಾತ್ರ ಏಕಮುಖಿ. ಒಮ್ಮೆ ಹೌದಾದರೆ ಮತ್ತೆ ಇಲ್ಲ ಆಗುವುದಿಲ್ಲ, ಉಳಿದ ಮತಗಳಿಗೆ ಕಾಯಬೇಕಿಲ್ಲ. 2012ರಲ್ಲಿ ಬಂದ ಲ್ಯಾಟಿಸ್ (ಒಂದೇ ದಿಕ್ಕಿಗೆ ಬೆಳೆಯುವ ಮೌಲ್ಯ) ಸೌಲಭ್ಯದಲ್ಲಿ ಇದನ್ನು ನೇರವಾಗಿ ಹಾಗೇ ಬರೆಯಬಹುದು. ಬ್ಯಾಲೆಟ್ ಸಂಖ್ಯೆಯೂ ಏರುವುದೇ ಹೊರತು ಇಳಿಯುವುದಿಲ್ಲ, ಅದಕ್ಕೆ ಮ್ಯಾಕ್ಸ್ ಲ್ಯಾಟಿಸ್ ಸಾಕು. ಕಾಯಬೇಕಾದ್ದು ಎಲ್ಲಿ, ಬೇಡವಾದ್ದು ಎಲ್ಲಿ ಅಂತ ಇಷ್ಟು ಚೆನ್ನಾಗಿ ಕಣ್ಣಿಗೆ ಕಾಣಿಸುವ ಬೇರೆ ಭಾಷೆ ನಾನು ಬಳಸಿಲ್ಲ.

ಇನ್ನು ಗೋಳು. ಒಪ್ಪಿದ ತೀರ್ಮಾನಗಳನ್ನು ಸಾಲಾಗಿ ಬರೆದಿಡುವ ಲಾಗ್‌ನಲ್ಲಿ ಕ್ರಮ ಮುಖ್ಯ, ಟೇಬಲ್‌ಗೆ ಕ್ರಮವೇ ಗೊತ್ತಿಲ್ಲ. ಆ ಲಾಗ್‌ನಲ್ಲಿ ಮುಂದಿನ ಸ್ಲಾಟ್ (ಜಾಗ) ಸಂಖ್ಯೆ ಕೊಡುವ ನಿಯಮ ಬರೆಯುವಷ್ಟರಲ್ಲಿ ಬೆವರು ಬರುತ್ತದೆ. ರಾಫ್ಟ್ ಇನ್ನೂ ಕಷ್ಟ. ಅದರ 2014ರ ಪ್ರಬಂಧ ನಾಯಕ ನೋಡ್‌ನ ಚುನಾವಣೆಯ ಟೈಮ್‌ಔಟ್ ಅನ್ನು 150ರಿಂದ 300 ಮಿಲಿಸೆಕೆಂಡ್ ನಡುವೆ ಯಾದೃಚ್ಛಿಕವಾಗಿ ಇಡಿ ಅನ್ನುತ್ತದೆ. ಬಡ್‌ನ ಟೈಮರ್ ಬಡಿಯೋದು ನಿಗದಿತ ಅಂತರದಲ್ಲಿ. ಗಡುವನ್ನು ಟೇಬಲ್‌ನಲ್ಲಿಟ್ಟು, ಚಿಕ್ಕ ಅಂತರದ ಟೈಮರ್ ಜೊತೆ ಹೋಲಿಸುವ ಜುಗಾಡ್ ಮಾಡಿಕೊಂಡಿದ್ದೇವೆ. ಸಂದೇಶ ಹೋಗುವುದು ತಲುಪುವ ಖಾತ್ರಿ ಇಲ್ಲದ ಯುಡಿಪಿ ಮೇಲೆ, ಆದ್ದರಿಂದ ಮತ್ತೆ ಕಳಿಸುವ ನಿಯಮ ನಾವೇ ಬರೆಯಬೇಕು. ಮಳೆಗಾಲದಲ್ಲಿ ನಮ್ಮ ರೂಮಿನ ಕರೆಂಟ್ ಹೋಗಿ ರೂಟರ್ ಮಲಗಿದಾಗೆಲ್ಲ ಲ್ಯಾಪ್‌ಟಾಪ್‌ಗಳ ನಡುವೆ ನೆಟ್‌ವರ್ಕ್ ತುಂಡಾಗುತ್ತಿತ್ತು. ಟೆಸ್ಟಿಂಗ್‌ಗೆ ಅದು ಒಳ್ಳೇದೇ ಆಯಿತು ಬಿಡಿ.

ಬಡ್ ಈಗ ಹಳೆಯದು. ಹೊಸ ರೂಬಿಯಲ್ಲಿ ಸಲೀಸಾಗಿ ಓಡುತ್ತದೆ ಅಂತ ನಂಬಬೇಡಿ. ಹಳೇ ರೂಬಿ ಇರುವ ಕಂಟೇನರ್ ಒಂದನ್ನು ಮಾಡಿಟ್ಟುಕೊಳ್ಳಿ. ರಸ್ಟ್ ಬರುವವರಾದರೆ ಬರ್ಕ್ಲಿಯಿಂದಲೇ ಬಂದಿರುವ ಹೈಡ್ರೋ ನೋಡಬಹುದು. ನಮ್ಮ ಗುಂಪು ಮಾತ್ರ ಸದ್ಯಕ್ಕೆ ಬಡ್ ಬಿಡುವ ಲಕ್ಷಣ ಇಲ್ಲ.