ಮೀಟರ್ ಟ್ಯಾಂಕ್‌ನಿಂದ ಹ್ಯಾಂಡಲ್‌ಗೆ ಬಂತು: ಕಣ್ಣಿಗೆ ಸುಖ, ಕಿವಿಗೆ ಕಿರಿಕಿರಿ

ಟ್ಯಾಂಕ್ ಮೇಲೆ ಸ್ಪೀಡೋಮೀಟರ್ ಕೂರಿಸಿದ ಕ್ರೂಸರ್ ಬೈಕ್ ನೋಡೋಕೆ ಚೆಂದ. ಓಡಿಸುವಾಗ ಮಾತ್ರ ಕಷ್ಟ. ಫುಲ್‌ಫೇಸ್ ಹೆಲ್ಮೆಟ್ ಹಾಕಿದರೆ ಅದರ ಗಲ್ಲದ ಭಾಗವೇ ಅಡ್ಡ ಬರುತ್ತದೆ. ಕಣ್ಣು ಇಳಿಸಿದರೆ ಸಾಲದು, ತಲೆಯನ್ನೇ ಬಗ್ಗಿಸಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ತಲೆ ಬಗ್ಗಿಸಿದರೆ ಬೈಕ್ ಹೆಚ್ಚುಕಡಿಮೆ 17 ಮೀಟರ್ ಮುಂದೆ ಹೋಗಿರುತ್ತದೆ. 90ರಲ್ಲಾದರೆ 25 ಮೀಟರ್. ಅಷ್ಟು ದೂರ ರಸ್ತೆಯನ್ನೇ ನೋಡದೆ ಓಡಿಸಿದ ಹಾಗಲ್ವಾ?

ಮೀಟರನ್ನು ಹ್ಯಾಂಡಲ್ ಕ್ಲಾಂಪ್ ಮೇಲಕ್ಕೆ ತರುವ ಬ್ರಾಕೆಟ್ ಕಿಟ್ ತರಿಸಿದ್ದು ಇದಕ್ಕೇ. ಹೊಸ ಡಿಜಿಟಲ್ ಮೀಟರ್ ಕೊಳ್ಳುವಷ್ಟು ದುಡ್ಡು ಇದಕ್ಕೆ ಬೇಕಿಲ್ಲ. ಇರುವ ಮೀಟರೇ ಮೇಲೆ ಬರುತ್ತದೆ, ಅಷ್ಟೇ. ನನ್ನ ಕಿಟ್ ಈಗಾಗಲೇ ಮಳೆಯನ್ನೂ ಕಂಡಿದೆ, ಬಿಸಿಲನ್ನೂ ಕಂಡಿದೆ.

ಕೂರಿಸುವುದು ದೊಡ್ಡ ಕೆಲಸವಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ನನ್ನದು ಸೆನ್ಸರ್ ಇರುವ ಮೀಟರ್, ಎರಡೂ ತುದಿಗೆ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಇರುವ ವೈರ್ ಕಿಟ್‌ನಲ್ಲೇ ಬಂತು. ಏನನ್ನೂ ಕತ್ತರಿಸಬೇಕಾಗಲಿಲ್ಲ. ಕೇಬಲ್ ಮೀಟರ್ ಆದರೆ ಉದ್ದದ ಕೇಬಲ್ ಬೇಕಾಗಬಹುದು. ಅದನ್ನು ಎಲ್ಲೂ ಜಾಸ್ತಿ ಮಡಚಬಾರದು, ಮಡಚಿದರೆ ಮುಳ್ಳು ಕುಣಿಯುತ್ತದೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ವೈರ್ ಎಳೆಯುತ್ತಿಲ್ಲ ಅಂತ ನೋಡಿಕೊಂಡ ಮೇಲೇ ಕೇಬಲ್ ಟೈ ಹಾಕಿ. ಕಪ್ಲರ್‌ಗಿಂತ ಸ್ವಲ್ಪ ಕೆಳಗೆ ವೈರ್ ಜೋತುಬಿದ್ದಿರಲಿ. ಮಳೆ ನೀರು ಅಲ್ಲಿಂದಲೇ ತೊಟ್ಟಿಕ್ಕಿ ಹೋಗುತ್ತದೆ, ಕಪ್ಲರ್ ಒಳಗೆ ಹೋಗುವುದಿಲ್ಲ.

ನಿಜವಾಗಿ ಸಮಯ ಹಿಡಿದದ್ದು ಮೀಟರ್ ಯಾವ ಕಡೆ ಎಷ್ಟು ವಾಲಬೇಕು ಅನ್ನುವುದು. ಬೋಲ್ಟ್ ಅರೆಬಿಗಿ ಮಾಡಿ, ಜಾಕೆಟ್, ಹೆಲ್ಮೆಟ್ ಎರಡೂ ಹಾಕಿ, ಓಡಿಸುವ ಭಂಗಿಯಲ್ಲೇ ಕೂತು ನೋಡಿ. ಮೀಟರ್ ಅಂಗಾತ ಮಲಗಿದ್ದರೆ ಗಾಜಿನಲ್ಲಿ ಆಕಾಶ ಹೊಳೆಯುತ್ತದೆ, ಮುಳ್ಳು ಮಾಯ. ಒಂದೊಂದೇ ಚೂರು ಎಬ್ಬಿಸುತ್ತಾ ಬನ್ನಿ. ಗಾಜಿನಲ್ಲಿ ಆಕಾಶದ ಬದಲು ನಿಮ್ಮ ಕಪ್ಪು ಜಾಕೆಟ್ ಕಂಡರೆ ಅಲ್ಲೇ ನಿಲ್ಲಿಸಿ. ಮಟಮಟ ಮಧ್ಯಾಹ್ನವೂ ಅಂಕಿಗಳು ಸ್ಪಷ್ಟ.

ದುಡ್ಡು ಕೊಟ್ಟಿದ್ದು ವೇಗ ಕಾಣಲಿ ಅಂತ. ಖುಷಿ ಕೊಟ್ಟಿದ್ದು ಬೇರೆಯೇ: ಮೀಟರ್ ಒಳಗಿನ ಇಂಡಿಕೇಟರ್ ಲೈಟ್. ನನ್ನ ಬೈಕಿನ ಇಂಡಿಕೇಟರ್ ತಾನಾಗಿ ಆಫ್ ಆಗುವುದಿಲ್ಲ. ಟ್ಯಾಂಕ್ ಮೇಲಿದ್ದಾಗ ಅದು ಮಿಣುಕುತ್ತಿರುವುದೇ ಗೊತ್ತಾಗುತ್ತಿರಲಿಲ್ಲ, ತಿರುವು ದಾಟಿ ಎಷ್ಟೋ ದೂರ ಹಾಗೇ ಹೋಗುತ್ತಿತ್ತು. ಈಗ ಕಣ್ಣಂಚಿನಲ್ಲೇ ಮಿಣುಕುತ್ತದೆ. ನ್ಯೂಟ್ರಲ್‌ನ ಹಸಿರು ಲೈಟೂ ಅಷ್ಟೇ, ಸಿಗ್ನಲ್‌ನಲ್ಲಿ ತಲೆ ಬಗ್ಗಿಸುವ ಗೋಜಿಲ್ಲ. ಬೆಳಗ್ಗೆ ಹೊರಡುವ ಮುಂಚೆ ಒದ್ದೆ ಬಟ್ಟೆಯಲ್ಲಿ ಮೀಟರ್ ಒರೆಸುವುದು ಅಭ್ಯಾಸವಾಗಿಬಿಟ್ಟಿದೆ. ಒಣ ಬಟ್ಟೆ ಬೇಡ, ಧೂಳಿನಿಂದ ಪ್ಲಾಸ್ಟಿಕ್ ಗಾಜಿಗೆ ಗೀರು ಬೀಳುತ್ತದೆ.

ಇಲ್ಲಿವರೆಗೆ ಹೊಗಳಿದ್ದು ಸಾಕು. ಈ ಬ್ರಾಕೆಟ್ ಸದ್ದು ಮಾಡುತ್ತದೆ. ನನ್ನದು ಸಿಂಗಲ್ ಸಿಲಿಂಡರ್. 3,000 ಆರ್‌ಪಿಎಂ ಅಂದರೆ ಎಂಜಿನ್ ಸೆಕೆಂಡಿಗೆ 50 ಸುತ್ತು. ಅದರ ಆಸುಪಾಸಿನಲ್ಲಿ ಇಡೀ ತಗಡು ಅದೇ ತಾಳಕ್ಕೆ ನಡುಗಲು ಶುರು. ಬಾಟಲಿಯೊಳಗೆ ಸಿಕ್ಕಿಬಿದ್ದ ಜೀರುಂಡೆ ಹಾಗೆ ಝೀ ಅಂತ ಒಂದೇ ಸಮನೆ. ನಾನು ಆರಾಮಾಗಿ ಓಡಿಸುವ ವೇಗವೂ ಅದೇ! ಮುಳ್ಳು ಎರಡೆರಡಾಗಿ ಕಾಣುತ್ತಿತ್ತು.

ಬಿಚ್ಚಿ ನೋಡಿದರೆ ಕಾರಣ ಕೈಗೇ ಸಿಕ್ಕಿತು. ಬೋಲ್ಟ್ ಕೆಳಗಿನ ರಬ್ಬರ್ ವಾಷರ್‌ಗಳು ಒತ್ತಿ ಅಪ್ಪಚ್ಚಿಯಾಗಿ, ಅಂಚು ಹೊರಗೆ ಉಬ್ಬಿತ್ತು. ರಬ್ಬರ್ ಮಧ್ಯೆ ಬುಷ್, ಅಂದರೆ ಲೋಹದ ಸಣ್ಣ ಕೊಳವೆ ತುಂಡು ಇರಬೇಕು. ಬೋಲ್ಟ್ ಎಷ್ಟೇ ಬಿಗಿ ಮಾಡಿದರೂ ಒತ್ತಡ ಬುಷ್ ಮೇಲೆ ಬೀಳುತ್ತದೆ, ರಬ್ಬರ್ ಮೆತ್ತಗೇ ಉಳಿದು ನಡುಕವನ್ನು ನುಂಗುತ್ತದೆ. ಕಿಟ್‌ನಲ್ಲಿ ಆ ಬುಷ್ಷೇ ಇಲ್ಲ! ಬ್ರಾಕೆಟ್‌ಗೆ ಹೊಳೆಯುವ ಪಾಲಿಶ್ ಕೊಡಲು ಬಿಡುವಿದೆ, ಚೂರು ಪೈಪ್ ಕತ್ತರಿಸಿ ಹಾಕಲು ಇಲ್ಲ. ಲೇತ್‌ನಲ್ಲಿ ಬುಷ್ ಮಾಡಿಸಿ, ದಪ್ಪ ರಬ್ಬರ್ ಹಾಕಿ, ನಟ್ ಸಡಿಲವಾಗದಂತೆ ನೀಲಿ ಥ್ರೆಡ್‌ಲಾಕರ್ ಹಚ್ಚಿದೆ. ಸದ್ದು ಈಗ ಕೆಳಗಿನ ಆರ್‌ಪಿಎಂಗೆ ಇಳಿದಿದೆ, ಹೊರಡುವಾಗ ಒಂದು ಕ್ಷಣ ಕೇಳಿಸಿ ಹೋಗುತ್ತದೆ. ಪೂರ್ತಿ ನಿಂತಿಲ್ಲ. ರಾತ್ರಿ ಹೈಬೀಮ್‌ನ ನೀಲಿ ಲೈಟ್ ಕೂಡ ಕಣ್ಣಿಗೆ ಚುಚ್ಚುತ್ತದೆ, ಅದರ ಮೇಲೊಂದು ಚೂರು ಟೇಪ್ ಅಂಟಿಸಿದ್ದೇನೆ.

ಜಾಗ ಬದಲಿಸಿದರೆ ಮೀಟರ್ ತಪ್ಪು ತೋರಿಸುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಸಿಗ್ನಲ್ ಬರುವುದು ಸೆನ್ಸರ್‌ನಿಂದ, ಅದು ಇದ್ದಲ್ಲೇ ಇದೆ. ಜಿಪಿಎಸ್‌ಗಿಂತ ಮೀಟರ್ ಸ್ವಲ್ಪ ಜಾಸ್ತಿ ತೋರಿಸುವುದು ಮಾಮೂಲು. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ. ಮೀಟರ್ ಸವಾರನ ನೇರ ನೋಟದೊಳಗೆ ಇರಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ನಿಯಮಕ್ಕೆ ಸಾಕಾದದ್ದು ನನ್ನ ಕುತ್ತಿಗೆಗೆ ಸಾಕಾಗಲಿಲ್ಲ, ಅಷ್ಟೇ.

ಓಪನ್‌ಫೇಸ್ ಹೆಲ್ಮೆಟ್ ಹಾಕುವವರಿಗೆ ಇದರ ಅಗತ್ಯ ಅಷ್ಟಿಲ್ಲ. ಫುಲ್‌ಫೇಸ್ ಹಾಕಿ ದೂರ ಹೋಗುವವರು ಧೈರ್ಯವಾಗಿ ಕೊಳ್ಳಿ, ಆದರೆ ಕಿಟ್‌ನಲ್ಲಿ ಬುಷ್ ಇದೆಯಾ ಅಂತ ಕೇಳಿಯೇ ಕೊಳ್ಳಿ. ನನ್ನಿಂದ ಐದಕ್ಕೆ ಮೂರೂವರೆ. ಬುಷ್ ಅವರೇ ಕೊಟ್ಟಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.