‘ವೆಂಟ್’ ಬೇಕಾ, ‘ಹ್ಯಾಡ್ ಗಾನ್’ ಬೇಕಾ?

ಗಂಗಾವತಿಯಲ್ಲಿ ಇಂಟರ್‌ವ್ಯೂಗೆ ತಯಾರಾಗುವ ಮಕ್ಕಳು ಇಂಗ್ಲಿಷ್‌ನಲ್ಲಿ ಜಾಸ್ತಿ ತಡವರಿಸುವುದು ಈ ಎರಡರ ನಡುವೆಯೇ. ‘ನಿನ್ನೆ ಆನೆಗೊಂದಿಗೆ ಹೋಗಿದ್ದೆ’ ಅನ್ನುವುದು ನಮಗೆ ಸಹಜ, ಅಲ್ವಾ? ಆ ‘ಇದ್ದೆ’ಯನ್ನು ಹಾಗೇ ಎತ್ತಿಕೊಂಡು ‘ಐ ಹ್ಯಾಡ್ ಗಾನ್ ಟು ಆನೆಗೊಂದಿ ಯೆಸ್ಟರ್‌ಡೇ’ ಅನ್ನುತ್ತೇವೆ. ಸುಮ್ನೆ ‘ಐ ವೆಂಟ್’ ಅಂದರೆ ಸಾಕು.

‘ಹ್ಯಾಡ್’ ಬೇಕಾಗುವುದು ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಅಂತ ತೋರಿಸಲು. ನೀವು ಸ್ಟ್ಯಾಂಡಿಗೆ ಓಡಿ ಬಂದಿರಿ, ಕೊಪ್ಪಳದ ಬಸ್ ಅಷ್ಟರಲ್ಲೇ ಹೋಗಿತ್ತು. ‘ವೆನ್ ಐ ರೀಚ್ಡ್ ದ ಸ್ಟ್ಯಾಂಡ್, ದ ಬಸ್ ಹ್ಯಾಡ್ ಲೆಫ್ಟ್.’ ತಲುಪಿದ್ದು ಆಮೇಲೆ, ಬಸ್ ಬಿಟ್ಟಿದ್ದು ಮೊದಲು. ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ!

‘ಐ ಹ್ಯಾವ್ ಬೀನ್ ಟು ಆನೆಗೊಂದಿ’ ಬೇರೆ. ಯಾವತ್ತೋ ಹೋಗಿ ಬಂದಿದ್ದೇನೆ ಅಂತ ಅರ್ಥ. ಇದಕ್ಕೆ ‘ಯೆಸ್ಟರ್‌ಡೇ’ ಸೇರಿಸಬೇಡಿ. ಗೊಂದಲವಾದರೆ ‘ವೆಂಟ್’ ಹಿಡಿಯಿರಿ.