ಕಾರ್ ಗ್ರೇಡ್ ಅಂತ ಹಳೇ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಮಾರುತ್ತಿದ್ದಾರೆ, ಹುಷಾರು!

ಗಾಡಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಅದರಲ್ಲೂ ಟೂರಿಸ್ಟ್ ಗಾಡಿಯವರು.

ನನ್ನದು ಟೆಂಪೋ ಟ್ರಾವೆಲರ್. ಬೆಂಗಳೂರು, ಧರ್ಮಸ್ಥಳ, ಸುಬ್ರಹ್ಮಣ್ಯ ಜಾಸ್ತಿ ಓಡುತ್ತೆ. ಅಂದರೆ ಶಿರಾಡಿ ಘಾಟಿ. ಕ್ಯಾಮೆರಾಗಳ ರೆಕಾರ್ಡಿಂಗು, ಪ್ಯಾಸೆಂಜರ್‌ಗಳಿಗೆ ಹಾಡು, ಸಿನಿಮಾ ಎಲ್ಲಾ ಒಂದೇ ಚಿಕ್ಕ ಕಂಪ್ಯೂಟರ್‌ನಲ್ಲಿ. ಅದಕ್ಕೆ ಡಿಸ್ಕ್ ಬೇಕಿತ್ತು. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಬಿಡಿಸಿ ಹೇಳಿದೆ: "ಗಾಡಿ ಕುಲುಕುತ್ತೆ, ಬಿಸಿಲಲ್ಲಿ ನಿಂತರೆ ಒಳಗೆ ಕುಲುಮೆ. ತಡೆಯೋದು ಕೊಡಿ."

"ಕಾರ್ ಗ್ರೇಡ್ ಇದೆ ಸಾರ್. 85 ಡಿಗ್ರಿವರೆಗೂ ಏನೂ ಆಗಲ್ಲ." ಸ್ಟಿಕರ್ ಮೇಲೂ ಹಾಗೇ ಪ್ರಿಂಟ್ ಇತ್ತು. 6,500 ರೂಪಾಯಿ ಎಣಿಸಿಕೊಂಡರು.

ವಾಹನಕ್ಕೆಂದೇ ಮಾಡಿದ ಡಿಸ್ಕ್‌ಗಳು ನಿಜವಾಗಿಯೂ ಇವೆ. ಮೈನಸ್ 30ರಿಂದ 85 ಡಿಗ್ರಿವರೆಗೆ ಕೆಲಸ ಮಾಡುತ್ತವೆ. ಮಾಮೂಲಿ ಲ್ಯಾಪ್‌ಟಾಪ್ ಡಿಸ್ಕ್‌ಗೆ 60 ದಾಟಿದರೆ ಕಷ್ಟ. ಇದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಮೋಸ ಮಾಡಿದ್ದು!

ಹಾಸನದ ಹತ್ತಿರ ಒಂದು ಕಾರು ಹಿಂದಿನಿಂದ ಬಂದು ಗುದ್ದಿತು. ತಪ್ಪು ಪೂರ್ತಿ ಅವರದ್ದು. ಸ್ಟೇಷನ್‌ನಲ್ಲಿ "ವಿಡಿಯೊ ಇದೆ ಸಾರ್" ಅಂತ ಧೈರ್ಯವಾಗಿ ಹೇಳಿದೆ. ತೆರೆಯೋಕೆ ಹೋದರೆ ಡಿಸ್ಕ್ ಒಳಗಿಂದ ಟಕ್, ಟಕ್ ಅಂತ ಸದ್ದು. ಅಷ್ಟೇ. ಒಂದು ಫೈಲೂ ಇಲ್ಲ. "ಏನ್ರೀ, ಇಷ್ಟೊಂದು ಕ್ಯಾಮೆರಾ ತಗಲಿಸಿದ್ದೀರಿ, ಒಂದು ವಿಡಿಯೊ ಇಲ್ವಾ?" ಅಂದರು ಪೊಲೀಸರು. ಪ್ಯಾಸೆಂಜರ್‌ಗಳು ನಿಂತು ನೋಡುತ್ತಿದ್ದರು. ಕಾರಿನವನು ನಾನೇ ಸುಳ್ಳು ಹೇಳಿದೆ ಅನ್ನೋ ಹಾಗೆ ಮುಖ ನೋಡಿದ. ಆ ಅವಮಾನ ಇನ್ನೂ ಹೋಗಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪ್‌ಗೆ ಹಾಕಿದಾಗ ಒಂದು ಸಲ ಎದ್ದಿತು. ಡಿಸ್ಕ್ ಸ್ಥಿತಿ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಸಾಫ್ಟ್‌ವೇರ್ ತೆರೆದೆ. ಪವರ್ ಆನ್ ಅವರ್ಸ್, ಅಂದರೆ ಡಿಸ್ಕ್ ಇದುವರೆಗೆ ಓಡಿರೋ ಗಂಟೆ, 21 ಸಾವಿರದ ಮೇಲೆ! ಹಗಲು ರಾತ್ರಿ ಬಿಡದೆ ಎರಡು ವರ್ಷ ಓಡಿದರೂ 17,520 ಗಂಟೆ ಅಲ್ವಾ? ಹೊಸ ಡಿಸ್ಕ್ ಅಂತ ತಾನೇ ಕೊಟ್ಟಿದ್ದು? ಸ್ಟಿಕರ್ ಮೂಲೆ ಸ್ವಲ್ಪ ಎದ್ದಿತ್ತು. ಉಗುರಲ್ಲಿ ಎಳೆದೆ. ಕೆಳಗೆ ಇನ್ನೊಂದು ಸ್ಟಿಕರ್. ಮಾಮೂಲಿ ಲ್ಯಾಪ್‌ಟಾಪ್ ಡಿಸ್ಕ್, ತಯಾರಾಗಿದ್ದು 2015ರಲ್ಲಿ. ಕೈ ನಡುಗಿತು ಕಣ್ರೀ.

ಅಂಗಡಿಯವರಿಗೆ ಫೋಟೋ ಕಳಿಸಿ ಕೇಳಿದರೆ ಬಂದ ಉತ್ತರ ನೋಡಿ. ಮೊದಲು: "ಅದು ಕಂಪನಿಯವರು ಟೆಸ್ಟ್ ಮಾಡಿರೋ ಗಂಟೆ ಸಾರ್." 21 ಸಾವಿರ ಗಂಟೆ ಟೆಸ್ಟ್! ಆಮೇಲೆ: "ಸ್ಟಿಕರ್ ನೀವೇ ಕಿತ್ತಿದ್ದೀರ, ವಾರಂಟಿ ಹೋಯ್ತು." ಕೊನೆಗೆ: "ಘಾಟಿಯಲ್ಲಿ ಓಡಿಸಿದರೆ ಯಾವ ಡಿಸ್ಕ್ ತಾನೇ ತಡೆಯುತ್ತೆ?" ಘಾಟಿಗೆ ಅಂತಲೇ ಕೇಳಿ ತಗೊಂಡಿದ್ದಲ್ವಾ! ಬಿಲ್‌ನಲ್ಲಿ ಸುಮ್ನೆ "ಹಾರ್ಡ್ ಡಿಸ್ಕ್ 1" ಅಂತ ಬರೆದಿದ್ದಾರೆ. ಸೀರಿಯಲ್ ನಂಬರ್ ಇಲ್ಲ. ಬೇಕಂತಲೇ ಬಿಟ್ಟಿದ್ದು. ಈಗ ನನ್ನ ನಂಬರ್ ಬ್ಲಾಕ್.

ತಿರುಗುವ ಹಾರ್ಡ್ ಡಿಸ್ಕ್ ಸಹವಾಸವೇ ಬೇಡ, ಚಿಪ್‌ನಲ್ಲೇ ಫೈಲ್ ಇಡೋ ಎಸ್ಎಸ್‌ಡಿ ಹಾಕಿಸಿ. ಕುಲುಕಿದರೆ ಕೆಡುವ ತಿರುಗುವ ಭಾಗ ಅದರಲ್ಲಿಲ್ಲ. ಆದರೆ ಕ್ಯಾಮೆರಾ ಬಿಡದೆ ಬರೆಯುತ್ತಲೇ ಇರುತ್ತೆ, ಅದಕ್ಕೇ ಟಿಬಿಡಬ್ಲ್ಯೂ, ಅಂದರೆ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದು ಅನ್ನೋದನ್ನ ನೋಡಿ. ಒಳ್ಳೆ ಕಂಪನಿಯ 500 ಜಿಬಿಗೆ 180, 300 ಟೆರಾಬೈಟ್ ಅಂತ ಇರುತ್ತೆ. ಎಸ್ಎಸ್‌ಡಿಗೂ ಸಾಮಾನ್ಯವಾಗಿ 70 ಡಿಗ್ರಿಯೇ ಮಿತಿ, ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಸೀಟಿನ ಕೆಳಗೆ ಇಡಿ. ಕೀ ಆಫ್ ಮಾಡಿದ ತಕ್ಷಣ ಕರೆಂಟ್ ಕಡಿದರೂ ಫೈಲ್ ಹಾಳಾಗುತ್ತೆ, ಕಂಪ್ಯೂಟರ್ ಶಟ್‌ಡೌನ್ ಆದ ಮೇಲೆ ಪವರ್ ಹೋಗೋ ಹಾಗೆ ಮಾಡಿಸಿ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ದುಡ್ಡು ಕೊಡೋ ಮೊದಲು ಅಂಗಡಿಯಲ್ಲೇ ಲ್ಯಾಪ್‌ಟಾಪ್‌ಗೆ ಹಾಕಿ ಗಂಟೆ ನೋಡಿ. ಅಂಗಡಿಯವರು ಅದಕ್ಕೆ ಒಪ್ಪದಿದ್ದರೆ ಎದ್ದು ಬನ್ನಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎರಡು ಸ್ಟಿಕರ್‌ಗಳನ್ನೂ ಜೋಪಾನವಾಗಿ ಇಟ್ಟಿದ್ದೇನೆ. ಇದೇ ಥರ ಮೋಸ ಹೋದವರು ಇದ್ದರೆ ನೀವೂ ದೂರು ಕೊಡಿ.